ನಾಲ್ಕನೆಯ ಟ್ಯೂಬು

ಪತ್ರ ಬಂದದ್ದು ಸೋಮವಾರ ಬೆಳಿಗ್ಗೆ. ನಾನು ಸಿಂಕಿನ ಮುಂದೆ ನಿಂತು ಕುಟ್ಟಾಣಿ ತೊಳೆಯುತ್ತಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಗಿಡದ ಚೂರುಗಳನ್ನು ಅರೆಯುವುದು ಪಿಂಗಾಣಿಯ ಪುಟ್ಟ ಕುಟ್ಟಾಣಿಗಳಲ್ಲಿ. ಒಂದೊಂದನ್ನೂ ನಾನು ಮೂರು ಸಲ ತೊಳೆದು, ಬಿಸಿ ಪೆಟ್ಟಿಗೆಯಲ್ಲಿ ಸುಟ್ಟು, ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು ಇಡುತ್ತೇನೆ. ಬೇರೆಯವರು ಮುಟ್ಟಿದರೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಟೆಕ್ನಿಶಿಯನ್ ಆಗಿದ್ದೇನೆ. ಕೈಗವಸು ಹಾಕದೆ ಬಾಗಿಲ ಹಿಡಿಯನ್ನೂ ಮುಟ್ಟದವಳು ಎಂದು ವಿದ್ಯಾರ್ಥಿಗಳು ನನಗೆ ಗ್ಲೌಸಮ್ಮ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ನನಗೇನು! ನನ್ನ ಕೈ ಶುದ್ಧ ಎಂದು ಇಡೀ ಕಟ್ಟಡಕ್ಕೆ ಗೊತ್ತು.

"ಗ್ಲೌಸಮ್ಮ, ಒಂದ್ನಿಮಿಷ ಬನ್ನಿ," ಎಂದು ಮೇಡಂ ತಮ್ಮ ಕೋಣೆಯಿಂದ ಕರೆದರು. ಮೇಡಂ ಎಂದರೆ ಈ ಪ್ರಯೋಗಾಲಯದ ಮುಖ್ಯಸ್ಥೆ. ಕೂಗದೆ ಮಾತಾಡಿದ್ದೇ ಇಲ್ಲದವರು. ಅವತ್ತು ದನಿ ತಗ್ಗಿತ್ತು.

ಮೇಜಿನ ಮೇಲೆ ಚೂಟಿಯ ಪ್ರಬಂಧ, ಅದರ ಮೇಲೆ ಹೊರಗಿನ ಪರೀಕ್ಷಕರ ಪತ್ರ.

ಚೂಟಿ ನನ್ನ ಗಂಡನ ಮೊದಲ ಹೆಂಡತಿಯ ಮಗಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ನಾನು ಆ ಮನೆಗೆ ಹೋದೆ. ಬಾಗಿಲಲ್ಲಿ ಅಡ್ಡ ನಿಂತು, ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ಅಳೆದು, "ನಿಮಗೆ ಭಿನ್ನರಾಶಿ ಬರುತ್ತಾ?" ಎಂದು ಕೇಳಿದ್ದಳು. ಬರುತ್ತೆ ಎಂದೆ. "ಹಾಗಾದ್ರೆ ಸರಿ," ಎಂದು ಒಳಗೆ ಬಿಟ್ಟುಕೊಂಡಳು. ಅಂದಿನಿಂದ ನಾನು ಅವಳಿಗೆ ಚಿಕ್ಕಮ್ಮ. ದೊಡ್ಡವಳಾಗಿ ಅವಳು ಈ ಪ್ರಯೋಗಾಲಯಕ್ಕೇ ಸಂಶೋಧನೆಗೆ ಸೇರಿದಾಗ ಕೆಲವರು ಮೂಗು ಮುರಿದರು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು, ಬಾಯಿಬಿಟ್ಟರೆ ತಮಾಷೆ. "ಮಲತಾಯಿ ಧೋರಣೆ ಅಂದ್ರೆ ಇದೇ ನೋಡಿ. ಮನೇಲಿ ಕಾಡಿದ್ದು ಸಾಲ್ದು ಅಂತ ಆಫೀಸಿಗೂ ಕರ್ಕೊಂಡು ಹೋಗಿ ಕಾಡ್ತಾಳೆ," ಎನ್ನುತ್ತಿದ್ದರು.

ಅವಳು ನಾಲ್ಕು ವರ್ಷ ದುಡಿದದ್ದು ಒಂದು ಹಳದಿ ಬಳ್ಳಿಯ ಮೇಲೆ. ಅದಕ್ಕೆ ಬೇರಿಲ್ಲ, ಎಲೆಯಿಲ್ಲ, ನೂಲಿನಂಥ ಬರೀ ದಂಟು. ಇನ್ನೊಂದು ಗಿಡವನ್ನು ತಬ್ಬಿ, ಅದರ ಮೈಗೆ ಹೀರುಗೊಳವೆ ಚುಚ್ಚಿ, ಅದರ ರಸ ಕುಡಿದೇ ಬದುಕುತ್ತದೆ. ಹಾಗೆ ಹೀರುವಾಗ ನೀರು, ಸಕ್ಕರೆ ಮಾತ್ರ ಬರುವುದಿಲ್ಲ. ಅಪರೂಪಕ್ಕೆ ಆ ಗಿಡದ ಜೀನ್ ಕೂಡ ದಾಟಿ ಬಂದುಬಿಡುತ್ತದೆ. ಬಂದದ್ದು ಬಳ್ಳಿಯದೇ ಆಗಿ ಉಳಿದು, ಅದರ ಬೀಜಕ್ಕೂ ಇಳಿಯುತ್ತದೆ. ಪಕ್ಕದ ಮನೆಯ ಅಡುಗೆ ಪುಸ್ತಕದಿಂದ ಒಂದು ಹಾಳೆ ಹರಿದು ತಂದು ನಮ್ಮ ಪುಸ್ತಕಕ್ಕೆ ಹೊಲಿದುಕೊಂಡರೆ, ಆಮೇಲೆ ಮೊಮ್ಮಕ್ಕಳೂ ಅದನ್ನೇ ಓದಿ ಅಡುಗೆ ಮಾಡುತ್ತಾರಲ್ಲ, ಹಾಗೆ. ನಮ್ಮ ಬಳ್ಳಿ ಬೆಳೆದಿದ್ದು ಕುದುರೆಮೆಂತೆ ಎಂಬ ಮೇವಿನ ಗಿಡದ ಮೇಲೆ. ಕುದುರೆಮೆಂತೆಯ ಒಂದು ಜೀನ್ ಬಳ್ಳಿಯೊಳಗೆ ಸೇರಿಕೊಂಡಿದೆ ಎನ್ನುವುದೇ ಚೂಟಿಯ ಪ್ರಬಂಧದ ಜೀವಾಳ. ಮಿಕ್ಕ ಇನ್ನೂರು ಪುಟ ಆ ಒಂದು ಮಾತಿನ ಮೇಲೆ ನಿಂತಿತ್ತು.

ಪರೀಕ್ಷಕರು ಬರೆದದ್ದು ಮೂರೇ ಸಾಲು. ಇದು ನಿಜವಾಗಿ ಬಳ್ಳಿಯೊಳಗಿನ ಜೀನೋ, ಇಲ್ಲ ಅರೆಯುವಾಗ ಅಂಟಿಕೊಂಡಿದ್ದ ಕುದುರೆಮೆಂತೆಯ ಕೊಳೆಯೋ? ಬೀಜದಿಂದ ಎದ್ದು ಇನ್ನೂ ಯಾವ ಗಿಡವನ್ನೂ ಮುಟ್ಟದ ಮೊಳಕೆಯಲ್ಲಿ ಆ ಜೀನನ್ನು ತೋರಿಸಿದರೆ ಒಪ್ಪುತ್ತೇನೆ. ಇಲ್ಲವಾದರೆ ಪದವಿಗೆ ಶಿಫಾರಸು ಮಾಡಲಾರೆ.

ಮೌಖಿಕ ಪರೀಕ್ಷೆ ಮುಂದಿನ ವಾರದ ಶುಕ್ರವಾರ.

"ಆ ಬಳ್ಳೀದು ಬೀಜ ಎಷ್ಟು ಉಳಿದಿದೆ?" ಎಂದು ಮೇಡಂ ಕೇಳಿದರು.

"ಹನ್ನೊಂದು."

"ಅಷ್ಟೇನಾ?"

"ಬಳ್ಳಿ ಒಣಗಿ ಮೂರು ವರ್ಷ ಆಯ್ತು ಮೇಡಂ. ಉಳಿದಿದ್ದೇ ಹೆಚ್ಚು."

"ಸರಿ, ನೀವೇ ಮೊಳಕೆ ಬರ್ಸಿ, ನೀವೇ ಪರೀಕ್ಷೆ ಮಾಡಿ. ಚೂಟಿ ಆ ಕಡೆ ತಲೆ ಹಾಕೋದು ಬೇಡ. ತನ್ನ ಪ್ರಬಂಧ ತಾನೇ ಉಳಿಸ್ಕೊಂಡ್ಲು ಅಂತ ನಾಳೆ ಯಾರೂ ಬೊಟ್ಟು ಮಾಡ್ಬಾರ್ದು. ಆವತ್ತು ಅರೆದಿದ್ದೂ ನೀವೇ ಅಲ್ವಾ? ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ."

ಮೂರು ವರ್ಷದಿಂದ ನಾನು ಯಾರಿಗೂ ಹೇಳದ ಒಂದು ಮಾತಿತ್ತು.

ಹೇಳಿಬಿಡುತ್ತೇನೆ. ಜೀನ್ ಇದೆಯೋ ಇಲ್ಲವೋ ನೋಡಲು ಅರೆದ ಗಿಡದ ಡಿಎನ್‌ಎಯನ್ನು ಒಂದು ಯಂತ್ರಕ್ಕೆ ಹಾಕುತ್ತೇವೆ. ನಕಲು ಯಂತ್ರ ಎಂದು ನಮ್ಮಲ್ಲಿ ಕರೆಯುವುದು. ಹುಡುಕುವ ಜೀನ್ ಒಂದೇ ಒಂದಿದ್ದರೂ ಅದರ ಕೋಟಿ ನಕಲು ತೆಗೆದು ಕೊಡುತ್ತದೆ. ಆ ನಕಲುಗಳು ಜೆಲ್ ಎನ್ನುವ ಲೋಳೆಯ ಹಲಗೆಯಲ್ಲಿ ನೀಲಿ ಬೆಳಕಿಗೆ ಹೊಳೆಯುವ ಗೆರೆಯಾಗಿ ಕಾಣುತ್ತವೆ. ಆದರೆ ಕೊಳೆಯದೊಂದು ಕಣ ಬಿದ್ದರೆ ಅದರದ್ದೂ ಕೋಟಿ ನಕಲು ತೆಗೆಯುತ್ತದೆ, ಯಂತ್ರಕ್ಕೇನು ಗೊತ್ತು! ಅದಕ್ಕೇ ಪ್ರತಿ ಸಲವೂ ಬರೀ ನೀರಿನ ಒಂದು ಟ್ಯೂಬನ್ನೂ ಜೊತೆಗಿಡುವುದು. ನೀರಿನ ಟ್ಯೂಬಿನಲ್ಲಿ ಗೆರೆ ಬಂದರೆ ಎಲ್ಲೋ ಕೊಳೆ ಸೇರಿದೆ, ಅವತ್ತಿನ ಕೆಲಸವೆಲ್ಲ ಕಸ.

ಮೂರು ವರ್ಷದ ಹಿಂದೆ ಬಳ್ಳಿಯಲ್ಲಿ ಆ ಜೀನ್ ಮೊದಲ ಸಲ ಹೊಳೆದ ದಿನ, ನೀರಿನ ಟ್ಯೂಬಿನಲ್ಲೂ ಒಂದು ಗೆರೆ ಇತ್ತು. ಮಸುಕಾಗಿ, ಇದೆಯೋ ಇಲ್ಲವೋ ಎನ್ನುವ ಹಾಗೆ. ಇತ್ತು. ಆ ವಾರ ನನ್ನ ಗಂಡ ಲಿಫ್ಟಿನ ಗುಂಡಿಯಲ್ಲಿ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ನನಗೆ ಸರಿಯಾಗಿ ನಿದ್ದೆಯಿರಲಿಲ್ಲ. ಗ್ಲೌಸಮ್ಮನ ನೀರಿನ ಟ್ಯೂಬಿನಲ್ಲಿ ಗೆರೆ ಎಂದರೆ ಹುಡುಗರು ವರ್ಷಗಟ್ಟಲೆ ಆಡಿಕೊಂಡು ನಗುತ್ತಾರೆ ಎಂದು ನಾಚಿಕೆಯೂ ಆಯಿತು. ಮರುದಿನ ಹೊಸ ನೀರು ತಂದು, ಅದೇ ಅರೆದಿಟ್ಟ ಡಿಎನ್‌ಎಯಿಂದ ಮತ್ತೆ ಮಾಡಿದೆ. ನೀರು ಶುದ್ಧ ಬಂತು. ಆ ಎರಡನೆಯ ಫೋಟೋ ಅಂಟಿಸಿದೆ. ಮೊದಲನೆಯದನ್ನು ಪುಸ್ತಕದಲ್ಲಿ ಬರೆಯಲೇ ಇಲ್ಲ. ಮೇಡಂ ಎಲ್ಲರಿಗೂ ಟೀ ಕೊಡಿಸಿದರು. ಸೇರಿ ಆಗ ಒಂದು ವರ್ಷವಾಗಿದ್ದ ಚೂಟಿ ನನ್ನನ್ನು ತಬ್ಬಿಕೊಂಡು ಕುಣಿದಳು. ಹೇಳುವುದು ಹೇಗೆ? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಮೂರು ವರ್ಷ ಕಳೆಯಿತು. ಅವಳು ಪುಟದ ಮೇಲೆ ಪುಟ ಬರೆಯುತ್ತ ಹೋದಂತೆ ಅದು ನನಗೆ ನುಂಗಲಾರದ ತುತ್ತಾಯಿತು. ಅರೆದ ಡಿಎನ್‌ಎಯಲ್ಲೇ ಕೊಳೆ ಇದ್ದಿದ್ದರೆ? ನನ್ನ ಕೊಳೆಯ ಮೇಲೆ ಈ ಹುಡುಗಿ ನಾಲ್ಕು ವರ್ಷ ಸುರಿದಿದ್ದರೆ?

ಅವತ್ತು ಸಂಜೆ ಊಟಕ್ಕೆ ಕೂತಾಗ ಚೂಟಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು.

"ಏನಮ್ಮ, ಅನ್ನದಲ್ಲೂ ಜೀನ್ ಹುಡುಕ್ತಿದೀಯಾ?" ಎಂದರು ಅವರಪ್ಪ.

ಅವಳು ನಗಲಿಲ್ಲ. "ಚಿಕ್ಕಮ್ಮ, ಮೊಳಕೇಲಿ ಬಂದೇ ಬರುತ್ತೆ ಅಲ್ವಾ?"

"ನನ್ನನ್ನೇನು ಕೇಳ್ತೀಯಾ? ಇದ್ರೆ ಬರುತ್ತೆ, ಇಲ್ದಿದ್ರೆ ಇಲ್ಲ. ನಾನೇನು ಹುಟ್ಟಿಸೋಕ್ಕಾಗುತ್ತಾ?" ಎಂದು ಸಿಡುಕಿದೆ. ನನಗೆ ಹೆದರಿಕೆಯಾದರೆ ಬಾಯಿಂದ ಸಿಟ್ಟೇ ಹೊರಬರುವುದು, ಹುಟ್ಟಾ ಹಾಗೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಎದ್ದು ಹೋದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಮಂಗಳವಾರ ಹನ್ನೊಂದು ಬೀಜಗಳನ್ನೂ ಮರಳುಕಾಗದದ ಮೇಲೆ ಉಜ್ಜಿದೆ. ಸಾಸಿವೆಗಿಂತ ಚಿಕ್ಕವು, ಸಿಪ್ಪೆ ಮಾತ್ರ ಕಲ್ಲು. ಉಜ್ಜಿ ತೆಳುವಾಗಿಸದಿದ್ದರೆ ನೀರು ಒಳಗಿಳಿಯುವುದಿಲ್ಲ, ಹೆಚ್ಚು ಉಜ್ಜಿದರೆ ಜೀವವೇ ಹೋಗುತ್ತದೆ. ಚಿಮುಟದಲ್ಲಿ ಒಂದೊಂದನ್ನು ಹಿಡಿದಾಗಲೂ ಉಸಿರು ಬಿಗಿಹಿಡಿದೆ. ತೊಳೆದು ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲಿಟ್ಟೆ. ಬುಧವಾರ ಏನೂ ಇಲ್ಲ. ಗುರುವಾರವೂ ಇಲ್ಲ. ಗಂಟೆಗೊಮ್ಮೆ ಮುಚ್ಚಳದ ಮೇಲೆ ಬಗ್ಗಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ಶುಕ್ರವಾರ ಬೆಳಿಗ್ಗೆ ಹೋದರೆ ಆರು ಬೀಜ ಒಡೆದಿದ್ದವು. ಭಾನುವಾರ ಇನ್ನೊಂದು ತಡವಾಗಿ ತುದಿ ತೋರಿಸಿತು. ಅದಕ್ಕೆ ನಾನು ಸೋಮಾರಿ ಎಂದು ಹೆಸರಿಟ್ಟೆ. ಮಿಕ್ಕ ನಾಲ್ಕು ಏಳಲಿಲ್ಲ.

ಈ ಮೊಳಕೆಗಳನ್ನು ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಬೇರಿಲ್ಲ, ಎಲೆಯಿಲ್ಲ, ಬೀಜದಲ್ಲಿ ಕಟ್ಟಿಕೊಂಡು ಬಂದ ಬುತ್ತಿ ಒಂದು ವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹಿಡಿಯಲು ಏನಾದರೂ ಸಿಗಬೇಕು. ಹಳದಿ ಎಳೆ ತಲೆಯೆತ್ತಿ ನಿಧಾನವಾಗಿ ಸುತ್ತುತ್ತದೆ, ಹುಡುಕುತ್ತದೆ. ನನ್ನ ತಟ್ಟೆಯಲ್ಲಿ ಅದಕ್ಕೆ ಸಿಗುವಂಥದ್ದೇನೂ ಇರಲಿಲ್ಲ, ಇರಲೂ ಬಾರದಿತ್ತು. "ಹುಡುಕ್ಬೇಡ ಕಣೇ, ಇಲ್ಲೇನೂ ಇಲ್ಲ," ಎಂದು ಒಂದು ಸಲ ಗಟ್ಟಿಯಾಗಿಯೇ ಹೇಳಿದೆ. ಪಕ್ಕದಲ್ಲಿದ್ದ ವಿದ್ಯಾರ್ಥಿ ನನ್ನನ್ನು ಒಂದು ಥರ ನೋಡಿ ಹೆಡ್‌ಫೋನ್ ಹಾಕಿಕೊಂಡ.

ಮುಂದಿನ ಮಂಗಳವಾರ ಆರು ಮೊಳಕೆಗಳನ್ನು ಅರೆದೆ. ಸೋಮಾರಿ ಇನ್ನೂ ಗಿಡ್ಡ, ಅದನ್ನು ಬಿಟ್ಟೆ. ಆದರೆ ಟ್ಯೂಬುಗಳಿಗೆ ನಂಬರು ಹಾಕಿದ್ದು ಒಂದರಿಂದ ಏಳು.

ಅದು ನನ್ನ ಗುಟ್ಟಿನ ಪದ್ಧತಿ. ಆ ಮಸುಕು ಗೆರೆ ಕಂಡ ಮೇಲೆ ಶುರು ಮಾಡಿದ್ದು, ಮೇಡಂಗೂ ಹೇಳಿಲ್ಲ. ಎಲ್ಲರ ಕಣ್ಣಿಗೂ ಕಾಣುವ ನೀರಿನ ಟ್ಯೂಬೊಂದು ಕೊನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ತುಂಬುವಾಗ ಯಾರಾದರೂ ಎಚ್ಚರವಾಗಿರುತ್ತಾರೆ. ನಾನು ಇನ್ನೊಂದನ್ನು ನಂಬರುಗಳ ನಡುವೆ ಅಡಗಿಸಿಡುತ್ತೇನೆ. ಅದಕ್ಕೂ ಒಂದು ಶುದ್ಧ ಕುಟ್ಟಾಣಿ. ಒಳಗೆ ಗಿಡವಿಲ್ಲ, ಬರೀ ದ್ರಾವಣ. ಅದನ್ನೂ ಅರೆಯುತ್ತೇನೆ, ಸೋಸುತ್ತೇನೆ, ಗಿಡ ಇದ್ದಂತೆಯೇ ನಡೆಸಿಕೊಳ್ಳುತ್ತೇನೆ. ನನ್ನ ಕೈಯ ನಿಜವಾದ ಯೋಗ್ಯತೆ ಅಲ್ಲಿ ಗೊತ್ತಾಗುತ್ತದೆ. ಈ ಸಲ ಖಾಲಿಯಾಗಿದ್ದದ್ದು ನಾಲ್ಕನೆಯದು.

ಮಧ್ಯಾಹ್ನ ಒಂದೂವರೆಗೆ ಏಳೂ ಟ್ಯೂಬು ಐಸಿನ ಡಬ್ಬಿಯಲ್ಲಿದ್ದವು. ಪಕ್ಕದಲ್ಲೇ ಹೋಲಿಕೆಗೆ ಬೇಕಾದ ಕುದುರೆಮೆಂತೆಯ ಡಿಎನ್‌ಎ ಟ್ಯೂಬು. ಬೆಳಗಿನಿಂದ ಏನೂ ತಿನ್ನದೆ ನನಗೆ ತಲೆ ಸುತ್ತುತ್ತಿತ್ತು. ಬಾಗಿಲಲ್ಲಿ ಚೂಟಿ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದಳು.

"ಮುಖ ನೋಡ್ಕೊಂಡಿದೀರಾ? ಸುಣ್ಣ ಬಳ್ದಂಗಿದೆ. ಹೊರಗೆ ಬೆಂಚಲ್ಲಿ ಕೂತು ಎರಡು ತುತ್ತು ತಿನ್ನಿ."

"ನೀನು ಇಲ್ಲಿಗೆ ಬರೋ ಹಾಗಿಲ್ಲ."

"ಪ್ರಿಂಟರ್ ಇಲ್ಲೇ ಇದೆಯಲ್ಲ, ನನ್ನ ಹಾಳೆ ತಗೊಂಡು ಹೋಗ್ತೀನಿ. ಟ್ಯೂಬಿನ ಹತ್ರ ನಾನ್ಯಾಕೆ ಹೋಗ್ಲಿ?"

ಹೋಗಿ ತಿಂದೆ. ಹತ್ತು ನಿಮಿಷ. ಕೆಲಸವನ್ನು ನಡುವೆ ಬಿಟ್ಟುಹೋಗುವುದು ಎನ್ನುವುದೇ ನನ್ನಲ್ಲಿ ಇಲ್ಲ, ಅವತ್ತು ಬಿಟ್ಟೆ.

ಬುಧವಾರ ಬೆಳಿಗ್ಗೆ ಎಂಟಕ್ಕೇ ಯಂತ್ರಕ್ಕೆ ಹಾಕಿ, ಹನ್ನೊಂದಕ್ಕೆ ಜೆಲ್ಲಿನ ಹಲಗೆಯನ್ನು ನೀಲಿ ಬೆಳಕಿನ ಮೇಲಿಟ್ಟೆ. ಮೇಡಂ ನನ್ನ ಹೆಗಲ ಹಿಂದೆ ನಿಂತಿದ್ದರು.

ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಎಲ್ಲದರಲ್ಲೂ ಗೆರೆ. ಕೊನೆಯ ನೀರಿನ ಟ್ಯೂಬು ಖಾಲಿ.

"ಅಬ್ಬಾ!" ಎಂದು ಮೇಡಂ ಮೇಜಿಗೆ ಗುದ್ದಿದರು. "ಏಳಕ್ಕೆ ಏಳು! ಈಗ ಹೇಳಲಿ ಆ ಮನುಷ್ಯ ಏನು ಹೇಳ್ತಾನೋ! ಗ್ಲೌಸಮ್ಮ, ನಿಮ್ಮ ಕೈನ ಎಷ್ಟು ಹೊಗಳಿದ್ರೂ ಸಾಲ್ದು." ಚೂಟಿಗೆ ಫೋನ್ ಮಾಡುತ್ತ ತಮ್ಮ ಕೋಣೆಗೆ ಓಡಿದರು.

ನಾನು ನಾಲ್ಕನೆಯ ಗೆರೆಯನ್ನೇ ನೋಡುತ್ತ ನಿಂತೆ. ಅಲ್ಲಿ ಗಿಡವೇ ಇರಲಿಲ್ಲ.

ನನ್ನ ಕೊಳೆ, ಮತ್ತೆ ನನ್ನದೇ ಕೊಳೆ! ಹಾಗಾದರೆ ಆವತ್ತಿನದೂ ಕೊಳೆಯೇ. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಐದು ನಿಮಿಷ ತಲೆ ಓಡಲಿಲ್ಲ. ಆಮೇಲೆ ಓಡಿತು, ಓಡಬಾರದ ಕಡೆಗೆ. ಕೊಳೆಯ ಗೆರೆ ಮಸುಕಾಗಿರುತ್ತದೆ, ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಇವು ಏಳೂ ಒಂದೇ ದಪ್ಪ, ಒಂದೇ ಹೊಳಪು. ಅಳತೆ ಮಾಡಿ ಹಾಕಿದ ಹಾಗೆ. ಫ್ರಿಜ್ ತೆರೆದು ಕುದುರೆಮೆಂತೆಯ ಟ್ಯೂಬನ್ನು ಬೆಳಕಿಗೆ ಹಿಡಿದೆ. ಎಲ್ಲ ಟ್ಯೂಬಿಗೂ ದ್ರಾವಣ ಎಲ್ಲಿಯವರೆಗಿದೆಯೋ ಅಲ್ಲಿಗೆ ಪೆನ್ನಿನಿಂದ ಸಣ್ಣ ಗೀಟು ಹಾಕುವುದು ನನ್ನ ರೂಢಿ. ಬೆಳಿಗ್ಗೆ ನಾನು ಅದರಿಂದ ತೆಗೆದದ್ದು ಒಂದು ಹನಿ. ಗೀಟಿನಿಂದ ಏಳೆಂಟು ಹನಿಯಷ್ಟು ಕೆಳಗಿಳಿದಿತ್ತು.

ಚೂಟಿ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಮೇಡಂ ಕೋಣೆ ಸೇರುವ ಮೊದಲೇ ಅವಳ ರಟ್ಟೆ ಹಿಡಿದು ಗಾಜು ತೊಳೆಯುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ನಾಲ್ಕನೇ ಟ್ಯೂಬಲ್ಲಿ ಏನಿತ್ತು ಗೊತ್ತಾ ನಿನಗೆ?"

"ಮೊಳಕೆ," ಎಂದಳು. ಮುಖ ಆಗಲೇ ಬಿಳಿಚಿತ್ತು.

"ಏನೂ ಇರ್ಲಿಲ್ಲ! ಖಾಲಿ ಟ್ಯೂಬದು. ನೀನು ಹಾಕಿದ್ದಷ್ಟೇ ಇತ್ತು ಅದ್ರಲ್ಲಿ."

ಅವಳು ಸಿಂಕಿನ ಅಂಚು ಹಿಡಿದುಕೊಂಡಳು. ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದೆನೋ ಏನೋ.

"ಹೂಂ. ನಾನೇ ಹಾಕ್ದೆ."

"ನಾಚಿಕೆ ಆಗಲ್ವೇನೇ? ಆರು ಮೊಳಕೆ ಹಾಳು ಮಾಡ್ದೆಯಲ್ಲೇ! ಒಂದು ಪದವಿಗೋಸ್ಕರ..."

"ಪದವಿಗಲ್ಲ!" ಎಂದು ಕಿರುಚಿದಳು. "ನಿಮಗೋಸ್ಕರ. ಮೊಳಕೇಲಿ ಬರ್ದಿದ್ರೆ ಎಲ್ಲರೂ ಹಳೇ ಫೋಟೋ ಕೆದಕ್ತಾ ಇದ್ರು. ಕ್ಯಾಮೆರಾದ ಕಂಪ್ಯೂಟರಲ್ಲಿ ಎಲ್ಲ ಇದೆ, ನೀವು ಪುಸ್ತಕದಲ್ಲಿ ಅಂಟಿಸ್ದೇ ಇದ್ದಿದ್ದೂ ಇದೆ. ನಾಲ್ಕು ತಿಂಗಳ ಹಿಂದೆ ಪ್ರಬಂಧಕ್ಕೆ ಚಿತ್ರ ತೆಗೀತಾ ನೋಡ್ದೆ. ನೀರಿನ ಟ್ಯೂಬಲ್ಲಿ ಗೆರೆ. ನಾಲ್ಕು ತಿಂಗಳಿಂದ ಹೊಟ್ಟೇಲಿ ಇಟ್ಕೊಂಡು ಒದ್ದಾಡ್ತಿದೀನಿ ಚಿಕ್ಕಮ್ಮ. ನೀವು ಹೇಳ್ತೀರಿ, ಇವತ್ತು ಹೇಳ್ತೀರಿ ಅಂತ ದಿನಾ ಊಟಕ್ಕೆ ಕೂತಾಗ ಕಾಯ್ತಿದ್ದೆ."

ಒಂದೇ ಮೇಜಿನ ಆಚೆ ಈಚೆ ಕೂತು ಒಂದೇ ಗುಟ್ಟನ್ನು ಇಬ್ಬರೂ ನುಂಗಿಕೊಂಡಿದ್ದೆವು.

ಈ ಗುಣ ಅವಳಿಗೆ ಅವರಪ್ಪನಿಂದ ಬಂದದ್ದಲ್ಲ. ಆ ಮನುಷ್ಯ ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗುತ್ತದೆ. ಹೆತ್ತವಳನ್ನು ನಾನು ಕಂಡಿಲ್ಲ, ಕಂಡವರೆಲ್ಲ ಅವಳ ನೇರ ಮಾತನ್ನೇ ಇವತ್ತಿಗೂ ನೆನೆಯುತ್ತಾರೆ. ಮುಚ್ಚಿಡುವುದು, ಮುಚ್ಚಿಟ್ಟು ಇನ್ನಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದು, ಇದು ನನ್ನದು. ರಕ್ತ ಸಂಬಂಧವಿಲ್ಲದೆಯೇ ನನ್ನಿಂದ ಅವಳಿಗೆ ದಾಟಿತ್ತು. ಅದನ್ನು ನೋಡಿದಾಗ ನನಗೆ ಅವಳ ಮೇಲಿನ ಸಿಟ್ಟೆಲ್ಲ ಇಳಿದು ಬರೀ ಸಂಕಟ ಉಳಿಯಿತು.

"ಕೇಳಿಲ್ಲಿ," ಎಂದೆ. "ನಾನು ಮೇಡಂಗೆ ಹೇಳ್ತೀನಿ. ಆವತ್ತಿಂದೂ ನಾನೇ, ಇದೂ ನಾನೇ ಮಾಡ್ದೆ ಅಂತ. ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ."

ಅವಳು ನನ್ನನ್ನೇ ನೋಡಿದಳು. "ಮತ್ತೆ ಮುಚ್ಚಿಡೋದಾ?"

ಅಷ್ಟೇ ಅಂದಿದ್ದು. ನನ್ನ ಕೆನ್ನೆಗೆ ಹೊಡೆದಂತಾಯಿತು. ಬಾಗಿಲು ತೆರೆದೆ. ಇಬ್ಬರೂ ಹೋದೆವು.

ಮೇಡಂ ಕೂಗಾಡುತ್ತಾರೆ ಎಂದು ಎಣಿಸಿದ್ದೆ. ಕೂಗಲಿಲ್ಲ. ಮೊದಲು ನಾನು ಹೇಳಿದೆ, ಆಮೇಲೆ ಅವಳು. ಮೇಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಇಬ್ರೂ ಒಂದೇ ಮನೆಯವರು ಅಂತ ಗೊತ್ತಿತ್ತು. ಇಷ್ಟೊಂದು ಒಂದೇ ಅಂತ ಗೊತ್ತಿರ್ಲಿಲ್ಲ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಏನಾದ್ರೂ ಉಳಿದಿದೆಯಾ?"

"ಒಂದೇ ಒಂದು ಮೊಳಕೆ. ತಡವಾಗಿ ಎದ್ದಿದ್ದು."

"ಎಷ್ಟುದ್ದ ಇದೆ?"

"ಒಂದು ಬೆರಳು."

"ಅರ್ಧ ಕತ್ತರಿಸೋಣ. ಬುಡದ ಕಡೆ ಅರೆಯೋಣ, ತುದಿ ಕಡೆ ಕುದುರೆಮೆಂತೆಗೆ ಬೇಡ, ಒಂದು ಬೀಟ್‌ರೂಟ್ ಗಿಡಕ್ಕೆ ತಾಗಿಸೋಣ. ಹಿಡ್ಕೊಂಡ್ರೆ ಬದುಕುತ್ತೆ." ಎದ್ದು ನಿಂತರು. "ನೀವಿಬ್ರೂ ಕೈಗವಸು ತೆಗೀರಿ. ಬಾಗಿಲ ಹತ್ರ ನಿಂತ್ಕೊಳ್ಳಿ. ಒಂದು ಹುಲ್ಲು ಕಡ್ಡೀನೂ ಮುಟ್ಟೋ ಹಾಗಿಲ್ಲ."

ಹದಿನೈದು ವರ್ಷದಿಂದ ಮೇಡಂ ಸ್ವಂತ ಕೈಯಲ್ಲಿ ಟ್ಯೂಬು ಹಿಡಿದಿರಲಿಲ್ಲ. ನಾನು ಬರಿಗೈಯನ್ನು ಕಂಕುಳಲ್ಲಿಟ್ಟುಕೊಂಡು ನಿಂತು ನೋಡಿದೆ. ಬ್ಲೇಡ್ ಹಿಡಿದ ರೀತಿ ನೋಡಿದರೆ ತರಕಾರಿ ಹೆಚ್ಚಲು ಕೂತವರ ಹಾಗಿತ್ತು. ಹಳದಿ ಎಳೆ ಎರಡಾಯಿತು. ತುದಿಯ ಚೂರು ಚಿಮುಟದಿಂದ ಜಾರಿ ಮೇಜಿನ ಮೇಲೆ ಬಿತ್ತು, ನಾನು "ಅಯ್ಯೋ!" ಎಂದುಬಿಟ್ಟೆ. "ಸುಮ್ನಿರಿ!" ಎಂದು ಗದರಿದರು. ಅದನ್ನು ಎತ್ತಿ ಬೀಟ್‌ರೂಟಿನ ದಂಟಿಗೆ ಹತ್ತಿಯ ನೂಲಿನಲ್ಲಿ ಸಡಿಲವಾಗಿ ಕಟ್ಟಿದರು. ಬುಡದ ಚೂರನ್ನು ಅರೆದರು. ಪಕ್ಕದಲ್ಲಿ ಇನ್ನೊಂದು ಕುಟ್ಟಾಣಿ, ಒಳಗೆ ಗಿಡವಿಲ್ಲ. ನಾನು ಹೇಳಿದ್ದನ್ನು ಕೇಳಿ ಅವರೂ ಒಂದು ಖಾಲಿ ಇಟ್ಟುಕೊಂಡಿದ್ದರು. ಅವರ ಕೈಯಲ್ಲಿ ಅರೆಯುವ ಕೋಲು ತಪ್ಪು ಕೋನದಲ್ಲಿ ತಿರುಗುತ್ತಿತ್ತು. ನಾಲಿಗೆ ಕಚ್ಚಿಕೊಂಡು ನಿಂತೆ. ಚೂಟಿ ನನ್ನ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಳು. ಬೇರೆ ದಿನವಾಗಿದ್ದರೆ ಕೈಗೆ ಒಂದು ಕೊಡುತ್ತಿದ್ದೆ.

ಮೂರು ಗಂಟೆಗೆ ಯಂತ್ರ ಶುರುವಾಯಿತು. ಇನ್ನು ಎರಡು ಗಂಟೆ ಕಾಯಬೇಕು. ಮೇಡಂ ಮೂರು ವರ್ಷದ ಹಿಂದಿನ ಕೆಲಸದ ಪುಸ್ತಕ ತಂದು ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ನಮ್ಮ ಪುಸ್ತಕದಲ್ಲಿ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ, ಏನಿದ್ದರೂ ಕೆಳಗೆ ಸೇರಿಸಿ ಸಹಿ ಹಾಕಬೇಕು. 'ಈ ಫೋಟೋಗೆ ಹಿಂದಿನ ದಿನ ಮಾಡಿದ ಪರೀಕ್ಷೆಯಲ್ಲಿ ನೀರಿನ ಟ್ಯೂಬಿನಲ್ಲಿ ಗೆರೆ ಇತ್ತು. ನಾನು ಅದನ್ನು ಬರೆಯಲಿಲ್ಲ' ಎಂದು ಬರೆದೆ. ಎರಡೇ ಸಾಲು. ಮೂರು ವರ್ಷದಲ್ಲಿ ಸಾವಿರ ಸಲ ಮನಸ್ಸಿನಲ್ಲಿ ಬರೆದಿದ್ದೆ, ಪೆನ್ನು ಹಿಡಿದರೆ ಒಂದು ನಿಮಿಷವೂ ಹಿಡಿಯಲಿಲ್ಲ. ಚೂಟಿ ಈ ವರ್ಷದ ಪುಸ್ತಕದಲ್ಲಿ ತನ್ನದನ್ನು ಬರೆದಳು. ಅಕ್ಷರ ಅಡ್ಡಾದಿಡ್ಡಿಯಾಗಿತ್ತು. ಬರೆದು ಮುಗಿಸಿ ಸೋರುವ ಮೂಗನ್ನು ತೋಳಿಗೆ ಒರೆಸಿಕೊಂಡಳು.

ಆ ಎರಡು ಗಂಟೆಯಲ್ಲಿ ನಾನು ಏನು ಬೇಡಿಕೊಂಡೆ ಎಂದು ಕೇಳಿದರೆ ನನಗೇ ತಿಳಿಯದು. ಜೀನ್ ಇರದಿದ್ದರೆ ಅವಳ ನಾಲ್ಕು ವರ್ಷ ನನ್ನ ಕೊಳೆಗೆ ಹೋಯಿತು. ಯಂತ್ರದ ಪರದೆಯಲ್ಲಿ ಉಳಿದ ನಿಮಿಷ ಒಂದೊಂದೇ ಇಳಿಯುತ್ತಿತ್ತು, ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ನನ್ನ ಗಂಡ ಫೋನ್ ಮಾಡಿ "ಏನಾಯ್ತು, ಸಿಹಿ ತರ್ಲಾ?" ಎಂದರು. "ಏನೂ ತರ್ಬೇಡಿ," ಎಂದು ಇಟ್ಟೆ.

ಐದೂ ಮುಕ್ಕಾಲಿಗೆ ಮೇಡಂ ಹಲಗೆಯನ್ನು ನೀಲಿ ಬೆಳಕಿನ ಮೇಲಿಟ್ಟರು. ನಾವು ಬಾಗಿಲಿನಿಂದಲೇ ಕತ್ತು ಚಾಚಿದೆವು. ನೀರಿನ ಜಾಗ ಕಪ್ಪು. ಅವರ ಖಾಲಿ ಕುಟ್ಟಾಣಿಯ ಜಾಗವೂ ಕಪ್ಪು. ಕುದುರೆಮೆಂತೆಯದು ದಪ್ಪ ಗೆರೆ. ಅದರ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ತೆಳ್ಳಗೆ, ನೇರವಾಗಿ ಒಂದು ಗೆರೆ.

"ಇದೆ," ಎಂದರು ಮೇಡಂ.

ಯಾರೂ ಕುಣಿಯಲಿಲ್ಲ. ಮೇಡಂ ಫೋಟೋ ತೆಗೆದು, ತಾವೇ ಅಂಟಿಸಿ, ತಾವೇ ಸಹಿ ಹಾಕಿದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷಕರಿಗೆ ಪತ್ರ ಬರೆಯುತ್ತ ನಮಗೆ ಓದಿ ಹೇಳಿದರು. ಶುಕ್ರವಾರದ ಪರೀಕ್ಷೆ ರದ್ದು. ಆದದ್ದೆಲ್ಲವನ್ನೂ ಸಮಿತಿಗೆ ತಿಳಿಸಲಾಗುವುದು. ಒಂದು ಮೊಳಕೆಯ ಸಾಕ್ಷಿ ಸಾಲದು. ಬೀಟ್‌ರೂಟಿಗೆ ಕಟ್ಟಿದ ಚೂರು ಬದುಕಿ, ಹೂಬಿಟ್ಟು, ಬೀಜ ಕೊಟ್ಟರೆ, ಆ ಮೊಳಕೆಗಳನ್ನು ಬೇರೆ ಪ್ರಯೋಗಾಲಯದವರು ಪರೀಕ್ಷಿಸುತ್ತಾರೆ. ಒಂದು ವರ್ಷ, ಹೆಚ್ಚೂ ಆದೀತು. ಅಲ್ಲಿಯವರೆಗೆ ಚೂಟಿಗೆ ಪದವಿಯಿಲ್ಲ. ಕೊಡಬೇಕೋ ಬೇಡವೋ ಎನ್ನುವುದನ್ನೂ ಸಮಿತಿಯೇ ಹೇಳುತ್ತದೆ. ನಾನು ನಾಳೆಯಿಂದ ಗಾಜು ತೊಳೆಯುವ ಕೋಣೆಗೆ ಮಾತ್ರ.

"ಸರಿ ಮೇಡಂ," ಎಂದೆ.

ಇಬ್ಬರೂ ಕಾರಿಡಾರಿಗೆ ಬಂದೆವು. ಚೂಟಿ ಗೋಡೆಗೆ ಒರಗಿ, ಜಾರಿ, ನೆಲದ ಮೇಲೆ ಕೂತಳು. ನಾನೂ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ ತೀರಾ ಮೆಲ್ಲಗೆ ಹೇಳಿದಳು.

"ನಾನು ಹಾಕ್ದೇ ಇದ್ದಿದ್ರೂ ಆ ಗೆರೆ ಇರ್ತಿತ್ತು ಚಿಕ್ಕಮ್ಮ. ನೀವು ಆವತ್ತೇ ಬರೆದಿದ್ರೂ ಇರ್ತಿತ್ತು."

"ಹೂಂ," ಎಂದೆ.